ಕೆಂಪು ಗೆರೆ ಬರಲಿಲ್ಲ

ಭವ್ಯಾ, ಚೇತನ್ — ಮುನಿವೆಂಕಟಮ್ಮ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವಳು ನಾನು, ನಿಮ್ಮ ಅಜ್ಜಿ.

ನಿಮ್ಮ ತಾತ ತೀರಿದ ಮೇಲೆ ಕ್ಯಾಸಂಬಳ್ಳಿ ಹತ್ತಿರದ ನಮ್ಮೂರ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆನಲ್ಲ, ಆಗಿನ ಮಾತು. ಹಸುವಿಗೆ ಕಾಯಿಲೆ ಎಂದು ನಮ್ಮ ಹೆಂಗಸರು ಹಾಲಿನ ಸಾಲಿನಲ್ಲಿ ಬಾಯಿಬಿಡುವುದಿಲ್ಲ — ದೃಷ್ಟಿ ತಗಲುತ್ತದೆಂಬ ಭಯ. ಸೂಜಿ ಹಾಕಿಸಿದ ದಿನ ಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಿಹೋಗುವರು. ನಾನು ಕಂಪ್ಯೂಟರಿನಲ್ಲಿ ಗುರುತು ಹಾಕಿದರೆ, ಹಾಲಿನಿಂದ ಔಷಧ ಇಳಿಯುವವರೆಗೂ ಅವರ ನಂಬರಿನ ಮೇಲೆ ಕೆಂಪು ಗೆರೆ ಬರುತ್ತಿತ್ತು. ಆ ಹಾಲನ್ನು ಸದ್ದಿಲ್ಲದೆ ಬೇರೆ ಬಕೆಟ್ಟಿಗೆ ಸುರಿಯುತ್ತಿದ್ದೆ.

ಆ ಕಂಪ್ಯೂಟರಿನ ತಂತ್ರಾಂಶ, ಎಲ್ಲೆಲ್ಲಿಯವರೋ ಸೇರಿ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟದ್ದು. ಅವರನ್ನು ದೂರಲಾರೆ. ಮುಂದಿನ ಆವೃತ್ತಿಯಲ್ಲಿ ಕೆಂಪು ಗೆರೆ ಇರುವುದಿಲ್ಲ, ಗುರುತು ಹಾಕಿದವರ ಪಟ್ಟಿಯನ್ನು ಹೊಸ ಜಾಗಕ್ಕೆ ಸಾಗಿಸಿ — ಎಂದು ಎರಡು ತಿಂಗಳು ದಿನವೂ ಕನ್ನಡದಲ್ಲೇ ತೋರಿಸಿದರು. ಹೇಗೆ ಸಾಗಿಸುವುದೋ ತಿಳಿಯಲಿಲ್ಲ. ಕೇಳಲು ನಾಚಿಕೆ — ಏಳನೇ ಕ್ಲಾಸಿನವಳು ಎಂದು ನಕ್ಕರೆ... ದಿನವೂ ಆ ಸೂಚನೆಯನ್ನು ಓದಿ ಮುಚ್ಚಿದೆ. ಕೊನೆಗೆ ಹೊಸ ಆವೃತ್ತಿ ಬಂದಾಗಲೂ ‘ಸರಿ’ ಒತ್ತಿದೆ.

ಮುನಿವೆಂಕಟಮ್ಮನ ಹಸುವಿಗೆ ಸೂಜಿ ಹಾಕಿ ಆಗಿನ್ನೂ ಎರಡು ದಿನ. ಅವಳು ಅಂದೇ ಮನೆಗೆ ಬಂದು ಹೇಳಿದ್ದಳು, ನಾನೂ ಗುರುತು ಹಾಕಿದ್ದೆ. ಮಾರನೆಯ ಬೆಳಿಗ್ಗೆ ಗೆರೆ ಬರಲಿಲ್ಲ. ಅವಳು ನನ್ನನ್ನು ನಂಬಿ ಪಾತ್ರೆ ಕೊಟ್ಟಳು. ನಾನು ಸಾಲಿನ ಗಡಿಬಿಡಿಯಲ್ಲಿ ಅವಳ ಮಾತು ಮರೆತು, ಗೆರೆಯನ್ನು ನಂಬಿ ಎಲ್ಲರ ಕ್ಯಾನಿಗೇ ಸುರಿದೆ.

ಪರೀಕ್ಷೆಯಲ್ಲಿ ಔಷಧ ಸಿಕ್ಕಿತು. ಊರ ಹಾಲೆಲ್ಲ ಚರಂಡಿಗೆ ಹೋಯಿತು. ಸೂಜಿ ಯಾರ ಹಸುವಿಗೆ ಎಂದು ದನದ ಡಾಕ್ಟರು ಹೇಳಿದರು.

“ಔಷ್ದಿ ಆಲು ಉಯ್ದು ಊರ್ ಮಕ್ಳುನ್ನ ಸಾಯ್ಸಕ್ ಒಂಟಿದ್ದೀಯೇನೇ?” ಎಂದು ಪಕ್ಕದ ಮನೆಯವಳು ಮುನಿವೆಂಕಟಮ್ಮನ ಮೇಲೆ ಏರಿಬಂದಳು.

ಮುನಿವೆಂಕಟಮ್ಮ ನನ್ನ ಕಡೆ ತಿರುಗಿದಳು. “ಅಕ್ಕಯ್ಯಾ, ನಿನ್ ಮನೇಗ್ ಬಂದು ಯೇಳಿದ್ನಲ್ಲ? ಯೇಳು, ನೀನಾದ್ರೂ ಯೇಳು!”

“ನಂಗೇನೂ ಯೇಳ್ಲಿಲ್ವಲ್ಲಮ್ಮ ನೀನು,” ಎಂದೆ.

ಅವಳು ಖಾಲಿ ಪಾತ್ರೆ ಎತ್ತಿಕೊಂಡಳು. ನನ್ನನ್ನೊಮ್ಮೆ ನೋಡಿ ಮನೆ ಕಡೆ ನಡೆದಳು.

ಡೇರಿ ಅವಳ ಹಾಲು ನಿಲ್ಲಿಸಿತು. ಹಸು ಮಾರಿ, ರಾಬರ್ಟ್‌ಸನ್‌ಪೇಟೆಯ ಹೋಟೆಲಿನಲ್ಲಿ ಪಾತ್ರೆ ತಿಕ್ಕಲು ಹೋದಳು. ಬಸ್ಸಿನಲ್ಲಿ ಸಿಕ್ಕರೆ ನಾನು ಕಿಟಕಿ ಕಡೆ ತಿರುಗುತ್ತಿದ್ದೆ. ಹೋದ ತಿಂಗಳು ತೀರಿಕೊಂಡಳು. ಮಣ್ಣಿಗೆ ಹೋದಾಗ ಅಲ್ಲೂ ಯಾರೋ ಅಂದರು — “ಔಷ್ದಿ ಆಲಿನ್ ಮುನೆಂಕ್ಟಮ್ಮ ಓದ್ಲು.” ಆಗಲೂ ನಾನು ಸುಮ್ಮನಿದ್ದೆ.

ಬರುವ ಸೋಮವಾರ ಡೇರಿಯ ಸಭೆಯಲ್ಲಿ, ಅವಳ ಮಗಳ ಎದುರಿಗೆ ಇದನ್ನು ಓದುತ್ತೇನೆ. ಉಗಿದರೆ ಉಗಿಯಲಿ. ಅಲ್ಲಿ ನನ್ನ ನಾಲಗೆ ಏಳದೆಯೂ ಹೋದೀತು — ಆಗ ನೀವಿಬ್ಬರೂ ಎದ್ದು ನಿಂತು ಓದಬೇಕು. ಅಲ್ಲಿಯತನಕ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನಾನೇ ಬಂದು ಕೇಳಿದರೂ ನನ್ನ ಕೈಗೆ ಹರಿಯಲು ಕೊಡಬೇಡಿ.