ಬೋರ್ಡಿನ ಬುಡದಲ್ಲಿ ಗಿಣ್ಣು ಹಾಲು

ರಸ್ತೆ ಬದಿಯಲ್ಲಿ ಚರಿತ್ರೆಯ ಬೋರ್ಡು ಕಂಡರೆ ನನ್ನ ಸ್ಕೂಟರು ತಾನಾಗಿಯೇ ನಿಲ್ಲುತ್ತದೆ. ಹಿಂದೆ ಕೂತ ಹೆಂಡತಿಯ ಪ್ರಕಾರ ಇದೊಂದು ಕಾಯಿಲೆ. ನೆಲಮಂಗಲದಲ್ಲಿ ನಮ್ಮ ಮನೆ ಬಿಟ್ಟು ಸ್ವಲ್ಪ ದೂರ ಬಂದರೆ, ಗೋದಾಮಿನ ಗೋಡೆಯ ಪಕ್ಕ, ಲಾರಿಗಳ ಧೂಳು ಕುಡಿಯುತ್ತ ಒಂದು ಬೋರ್ಡು ನಿಂತಿದೆ. ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

"ಹೋದ ವಾರಾನೂ ಓದಿದ್ರಲ್ರೀ. ಒಂದ್ ವಾರದಲ್ಲಿ ಚರಿತ್ರೆ ಬದಲಾಗ್ಬಿಡ್ತಾ?" ಎನ್ನುತ್ತಾಳೆ ಆಕೆ.

ಬದಲಾಗುವುದಿಲ್ಲ, ನಿಜ. ಆದರೆ ಕ್ಯಾಲೆಂಡರು ಮತ್ತು ರೇಷನ್ ಕಾರ್ಡು ಬಿಟ್ಟು ಬೇರೆ ಅಕ್ಷರವೇ ಇಲ್ಲದ ಮನೆಯಲ್ಲಿ ಬೆಳೆದವನಿಗೆ, ಯಾರೋ ಕಷ್ಟಪಟ್ಟು ಬರೆದು ನಿಲ್ಲಿಸಿದ್ದನ್ನು ಓದದೆ ಮುಂದೆ ಹೋಗುವುದೆಂದರೆ ಕರೆದು ಮಾತಾಡಿಸಿದವರಿಗೆ ಮುಖ ತಿರುಗಿಸಿದಂತೆ. ನಮ್ಮ ವಂಶದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಅಭ್ಯಾಸವಿದೆ. ಈಗಲೂ ಹೇಳಿಬಿಟ್ಟೆ, ನೋಡಿ.

ಇಷ್ಟು ಬೋರ್ಡು ಓದಿದವನು ಒಂದು ಬೋರ್ಡು ಬರೆದೂ ಇದ್ದೇನೆ. ಇಂದು ಹೇಳಬೇಕಾದ ತಪ್ಪು ಅದರದ್ದೇ.

ತೂಬಗೆರೆ ಹೋಬಳಿಯ ನಮ್ಮೂರಲ್ಲಿ ಬಸ್ಸು ನಿಲ್ಲುವ ಕಡೆ, ಹುಣಸೆ ಮರದ ಕೆಳಗೆ, ಎದೆಯೆತ್ತರದ ವೀರಗಲ್ಲೊಂದಿದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ಒಬ್ಬ, ಅವನ ಹಿಂದೆ ಮೂರು ದನ. ನಡುವೆ ಅದೇ ಮನುಷ್ಯನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಸೂರ್ಯಚಂದ್ರರ ನಡುವೆ ಲಿಂಗ, ಅದರ ಮುಂದೆ ಅವನು ಕೈಮುಗಿದು ಕೂತಿದ್ದಾನೆ. ಊರ ದನ ಹೊಡೆದುಕೊಂಡು ಹೋಗುತ್ತಿದ್ದವರಿಗೆ ಅಡ್ಡ ನಿಂತು ಸತ್ತವನ ಕಲ್ಲು ಅದು. ಹೆಸರು ಕೆತ್ತಿಲ್ಲ. ಊರವರು ಅವನನ್ನು ದನಕಾಯೋ ಅಪ್ಪ ಎನ್ನುತ್ತಾರೆ.

ನಮ್ಮಲ್ಲಿ ಹಸು ಕರು ಹಾಕಿದರೆ ಮೊದಲ ದಿನದ ಗಿಣ್ಣು ಹಾಲಿನಲ್ಲಿ ಒಂದು ಚೊಂಬು ಅವನಿಗೆ. ಅವನಿಗೆ ಸುರಿಯುವ ತನಕ ಮನೆಯಲ್ಲಿ ಯಾರೂ ಗಿಣ್ಣು ಬಾಯಿಗಿಡುವಂತಿಲ್ಲ. ಚಿಕ್ಕವನಾಗಿದ್ದಾಗ ಅವ್ವನ ಸೆರಗು ಹಿಡಿದು ಹೋಗುತ್ತಿದ್ದೆ. ಹಳದಿ ಹಾಲು ಅವನ ಕತ್ತಿಯ ಮೇಲಿಂದ ಇಳಿದು ಕಲ್ಲಿನ ದನಗಳ ಬೆನ್ನು ತೋಯಿಸುವುದನ್ನು ನೋಡುತ್ತಿದ್ದರೆ, ಮನೆಯಲ್ಲಿ ಬೆಲ್ಲ, ಏಲಕ್ಕಿ ಹಾಕಿ ಹಬೆಗಿಟ್ಟ ಗಿಣ್ಣು ನೆನಪಾಗಿ ಬಾಯಲ್ಲಿ ನೀರೂರುತ್ತಿತ್ತು. ಮುಂದೆ ದೊಡ್ಡಬಳ್ಳಾಪುರದ ಕಾಲೇಜಿಗೆ ಹೋಗುವಾಗ ಬಾರದ ಬಸ್ಸಿಗೆ ಕಾದದ್ದೂ ಅದೇ ಕಲ್ಲಿಗೆ ಒರಗಿ. ನನ್ನ ಪದವಿಯಲ್ಲಿ ಅರ್ಧ ಅವನಿಗೆ ಸೇರಬೇಕು.

ಮೂರು ವರ್ಷದ ಹಿಂದೆ ಪಂಚಾಯ್ತಿ ಅಧ್ಯಕ್ಷರು, "ಮೇಷ್ಟ್ರೇ, ಕಲ್ಲಿಗೊಂದು ಬೋರ್ಡ್ ಹಾಕ್ತಾ ಇದೀವಿ, ನೀವೇ ಬರ್ಕೊಡಿ" ಎಂದರು. ಎರಡು ರಾತ್ರಿ ಕೂತು ಬರೆದೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ನೆನಪಾಯಿತು. ಎಣ್ಣೆ, ಹಾಲು ಬಿದ್ದರೆ ಕೆತ್ತನೆ ಸವೆಯುತ್ತದೆ ಎಂಬುದೂ ನೆನಪಾಯಿತು. ಕೊನೆಗೆ ಒಂದು ಸಾಲು ಸೇರಿಸಿದೆ: ಈ ಕಲ್ಲಿನ ಮೇಲೆ ಏನನ್ನೂ ಸುರಿಯಕೂಡದು. ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಅದು ಬಹಳ ಗಂಭೀರವಾಗಿ ಕಂಡಿತು. ಫೋಟೋ ತೆಗೆಸಿಕೊಂಡೆ.

ಮೊನ್ನೆ ಊರಿನಿಂದ ತಮ್ಮ ಫೋನು ಮಾಡಿ, ಗೌರಿ ಕರು ಹಾಕಿದೆ, ಗಿಣ್ಣಿಗೆ ಬನ್ನಿ ಎಂದ. ಗಂಡಹೆಂಡಿರು ಹೊರಟೆವು. ಊರ ಬಾಗಿಲಲ್ಲಿ ಸ್ಕೂಟರು ಎಂದಿನಂತೆ ನಿಂತಿತು. ನಾನೇ ಬರೆದದ್ದನ್ನು ಓದಲು ಇಳಿದೆ. ಇಷ್ಟು ದಿನ ಬಂದಾಗಲೆಲ್ಲ ನನ್ನ ಅಕ್ಷರ ಓದಿ ಹೋಗುತ್ತಿದ್ದೆನೇ ಹೊರತು ಸುತ್ತಮುತ್ತ ನೋಡಿರಲಿಲ್ಲ. ಬೋರ್ಡಿನ ಕಬ್ಬಿಣದ ಕಂಬಕ್ಕೆ ಅರಿಶಿನ ಕುಂಕುಮ ಬಳಿದಿತ್ತು, ತಲೆಗೆ ಒಂದು ಕಣಗಿಲೆ ಹೂವು. ಬುಡದಲ್ಲಿ ಹಳೆಯ ಹಾಲು ಒಣಗಿ ಕಂಬ ತುಕ್ಕು ಹಿಡಿದಿತ್ತು. ಪಕ್ಕದಲ್ಲಿ ವೀರ ಮೈಯೆಲ್ಲ ಧೂಳಾಗಿ ನಿಂತಿದ್ದ.

ಅಷ್ಟರಲ್ಲಿ ಅವ್ವ ಚೊಂಬು ಹಿಡಿದು ಬಂದಳು. ಬಂದವಳು ನೇರ ಕಂಬದ ಬುಡಕ್ಕೆ ಬಗ್ಗಿದಳು.

"ಇಲ್ಯಾಕವ್ವ ಸುರೀತೀಯ?"

"ಇನ್ನೆಲ್ಲಿ ಸುರೀಲಪ್ಪಾ? ಕಲ್ಲಿಗೆ ಸುರೀಬಾರ್ದು ಅಂತ ನೀನೇ ಬರ್ದಿದೀಯಲ್ಲ. ಬೋರ್ಡ್‌ಗೆ ಸುರೀಬಾರ್ದು ಅಂತ ಬರ್ದಿಲ್ವಂತೆ, ಪಕ್ಕದ್ಮನೆ ಪುಟ್ಟತಾಯಿ ಮೊಮ್ಮಗಳ ಕೈಲಿ ಎರಡು ಸಲ ಓದ್ಸಿ ಕೇಳ್ದೆ."

"ನಿನಗೆ ಕಲ್ಲಿಗೆ ಸುರೀಬೇಕು ಅನ್ನಿಸ್ಲಿಲ್ವಾ?"

ಅವ್ವ ಕಲ್ಲಿನ ಕಡೆ ನೋಡಿದಳು. "ಅನ್ನಿಸ್ದೇ ಇರುತ್ತಾ? ಬೇರೆಯೋರು ಬರ್ದಿದ್ರೆ ಹೋಗ್ರಲಾ ಅಂತಿದ್ದೆ. ನನ್ ಮಗ ಓದಿ ಬರ್ದಿರೋದು. ನಾನೇ ಮೀರಿದ್ರೆ ಊರಲ್ಲಿ ಯಾರು ಬೆಲೆ ಕೊಡ್ತಾರೆ?"

ಹೆಂಡತಿ ನನ್ನ ಮುಖ ನೋಡಿದಳು. ನನಗೆ ಬೋರ್ಡಿನ ಕಡೆ ತಲೆಯೆತ್ತಲಾಗಲಿಲ್ಲ. ದನಕ್ಕಾಗಿ ಸತ್ತವನಿಗೆ ದನ ಉಳಿಸಿಕೊಂಡವರು ಹಾಲು ಕೊಡುತ್ತ ಬಂದಿದ್ದರು. ಅವನು ಯಾರು, ಯಾಕೆ ಸತ್ತ ಎಂಬುದನ್ನು ಒಂದಕ್ಷರ ಬರದ ಅವ್ವ ಚೊಂಬಿನಲ್ಲಿ ಹೊತ್ತು ತರುತ್ತಿದ್ದಳು. ಅದನ್ನು ಕಾಪಾಡುತ್ತೇನೆಂದು ಹೋಗಿ ನಾನೇ ಅಡ್ಡ ನಿಂತಿದ್ದೆ.

ಅಧ್ಯಕ್ಷರಿಗೆ ಫೋನು ಮಾಡಿದೆ. "ಬರ್ದೋರೂ ನೀವೇ, ಅಳ್ಸೋರೂ ನೀವೇ, ನನ್ನೇನ್ ಕೇಳ್ತೀರಾ ಮೇಷ್ಟ್ರೇ" ಎಂದು ನಕ್ಕರು. ಮನೆಯಲ್ಲಿದ್ದ ನೀಲಿ ಬಣ್ಣವನ್ನು ತಮ್ಮ ತಂದ. ಕೊನೆಯ ಸಾಲಿನ ಮೇಲೆ ಎರಡು ಸಲ ಬಳಿದೆ. ಅವ್ವ ಅಲ್ಲೇ ನಿಂತು ನೋಡಿದಳು. ಆಮೇಲೆ ಸೆರಗಿನಿಂದ ಕಲ್ಲಿನ ಧೂಳು ಒರೆಸಿ ಹಾಲು ಸುರಿದಳು. ಅದು ಕತ್ತಿಯ ಮೇಲಿಂದ ಇಳಿದು ದನಗಳ ಬೆನ್ನು ತೋಯಿಸಿತು. ಸವೆದಿದ್ದರೆ ಇಷ್ಟು ಶತಮಾನದಲ್ಲಿ ಎಂದೋ ಸವೆಯಬೇಕಿತ್ತು. ದನಗಳ ಕೊಂಬು ಇನ್ನೂ ಎಣಿಸುವಂತಿದ್ದವು.

ಚೊಂಬಿನ ತಳದಲ್ಲಿ ಉಳಿದದ್ದನ್ನು ಅವ್ವ ಮತ್ತೆ ಕಂಬದ ಬುಡಕ್ಕೆ ಸುರಿದಳು.

"ಇನ್ನ್ ಅದಕ್ಯಾಕವ್ವ?"

"ಇರ್ಲಿ ಬಿಡಪ್ಪಾ. ಮೂರು ವರ್ಷ ಅವನ ಬದಲು ಇಸ್ಕೊಂಡಿದೆ. ಒಂದೇ ಸಲ ನಿಲ್ಲಿಸ್ಬಿಟ್ರೆ ಬೇಜಾರ್ ಮಾಡ್ಕೊಳುತ್ತೆ."

ಗಿಣ್ಣು ತಿಂದು ಹಿಂದಿರುಗುವಾಗ ಸ್ಕೂಟರು ಅಲ್ಲಿ ಇನ್ನೊಮ್ಮೆ ನಿಂತಿತು. ಹೊಸ ನೀಲಿ ಹಳೆಯ ನೀಲಿಗೆ ಹೊಂದದೆ ಗಾಢವಾಗಿ ಕಾಣುತ್ತಿತ್ತು. "ಅಲ್ಲಿ ಓದೋಕೇನಿದೆ ಅಂತ ನಿಂತ್ರಿ, ನಡೀರಿ" ಎಂದಳು ಹೆಂಡತಿ. ಏನೂ ಇರಲಿಲ್ಲ. ಆದರೂ ಆ ಬೋರ್ಡಿನಲ್ಲಿ ನಾನು ಸರಿಯಾಗಿ ಬರೆದ ಸಾಲು ಅದೊಂದೇ ಅನ್ನಿಸಿ, ಇನ್ನೂ ಸ್ವಲ್ಪ ಹೊತ್ತು ಓದಿದೆ.