ಅಟ್ಟದ ಕೊಬ್ಬರಿಯ ಸಾಕ್ಷಿ

ನನ್ನ ಗಂಡನಿಗೆ ಏನು ಬೇಕಾದರೂ ಅನ್ನಬಹುದಿತ್ತು. ಸೋಮಾರಿ ಅಂದರೆ ನಗುತ್ತಿದ್ದ, ಜಿಪುಣ ಅಂದರೆ ಎದ್ದು ಹೋಗುತ್ತಿದ್ದ. ಅವನ ಕೊಬ್ಬರಿಯ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿ ನಾನು ಕಲಿತದ್ದರಲ್ಲಿ ಕೋರ್ಟಿನಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ವಿಚ್ಛೇದನಕ್ಕೆ ಅರ್ಜಿ ಹಾಕಿದವನು ಅವನೇ. ನಾನು ಬೇಡ ಎನ್ನಲಿಲ್ಲ. ನನಗೂ ಮಗಳಿಗೂ ಜೀವನಾಂಶ ಕೊಡಿಸಿ ಎಂದು ಮಾತ್ರ ಕೇಳಿದೆ. ಅವಳು ತಿಪಟೂರಿನಲ್ಲಿ ಎಂಟನೇ ತರಗತಿ ಓದುತ್ತಿದ್ದಳು. ನಾನು ತವರಿನ ಪಡಸಾಲೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಅದೊಂದನ್ನೇ ನಂಬಿಕೊಂಡರೆ ಮುಂದಿನ ವರ್ಷ ಅವಳನ್ನು ಶಾಲೆ ಬಿಡಿಸಬೇಕಾಗಿತ್ತು.

ಇಬ್ಬರೂ ಆಸ್ತಿ, ಆದಾಯದ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. ನಾನು ಹೊಲಿಗೆ ಯಂತ್ರವನ್ನೂ ಬಿಡದೆ ಬರೆದೆ. ಅವನದನ್ನು ಓದಿ ಮೈಯೆಲ್ಲ ಉರಿಯಿತು. ತೆಂಗಿನ ತೋಟ ಅಪ್ಪನದಂತೆ, ತಾನು ಅಲ್ಲಿ ಊಟಕ್ಕೆ ದುಡಿಯುವ ಆಳಂತೆ, ಹೆಂಡತಿಯೇ ಚೆನ್ನಾಗಿ ಸಂಪಾದಿಸುತ್ತಾಳಂತೆ. ಪಹಣಿ ಮಾವನ ಹೆಸರಿನಲ್ಲಿದ್ದದ್ದು ನಿಜ. ನಮ್ಮ ವಕೀಲೆ ಯೋಚನೆಗೆ ಬಿದ್ದರು. ಆಗ ನಾನು ಅವರಿಗೆ ಅವನ ಕೊಬ್ಬರಿ ಹುಚ್ಚಿನ ವಿಷಯ ಹೇಳಿದೆ.

ಅವನು ಕಟಕಟೆಯಲ್ಲಿ ನಿಂತ ದಿನ ವಕೀಲೆ ಅದೂ ಇದೂ ಕೇಳಿ, ಕೊನೆಗೆ ನಿಮ್ಮ ಅಟ್ಟದ ಕೊಬ್ಬರಿಯೆಲ್ಲ ಕೌಟು ಹಿಡಿದು ನಾರುತ್ತದಂತೆ, ಮಾರ್ಕೆಟ್ಟಿನಲ್ಲಿ ಮೂಸುವವರೂ ಇಲ್ಲವಂತೆ, ಹೌದೇ ಎಂದರು.

"ಯಾರ್ರೀ ಹೇಳಿದ್ದು?" ಅವನ ಕುತ್ತಿಗೆಯ ನರ ಉಬ್ಬಿತು. "ಹನ್ನೊಂದ್ ತಿಂಗ್ಳು ಅಟ್ಟದಲ್ಲಿ ಒಣಗ್ಸಿ, ನಾನೇ ನಿಂತು ಸುಲಿಸ್ತೀನಿ, ನಾನೇ ಮಾರ್ಕೆಟ್ಟಿಗೆ ಹಾಕ್ತೀನಿ. ನನ್ ಮಾಲು ಬಂದ್ರೆ ಬೇರೆಯೋರ ಚೀಲ ಬಿಚ್ಚಲ್ಲ."

ಮಾರಿದ ದುಡ್ಡು ಯಾರ ಕೈಗೆ ಬರುತ್ತದೆ ಎಂದು ನ್ಯಾಯಾಧೀಶರು ಮೆಲ್ಲಗೆ ಕೇಳಿದರು.

"ನನ್ ಕೈಗೇ ಸ್ವಾಮಿ, ಇನ್ಯಾರ್ ಕೈಗೆ?"

ಟೈಪಿಸ್ಟು ಅದನ್ನೂ ಟೈಪು ಮಾಡಿಕೊಂಡರು. ಅವನ ವಕೀಲರು ಕಣ್ಣು ಮುಚ್ಚಿಕೊಂಡರು.

ತೀರ್ಪಿನಲ್ಲಿ ಪಹಣಿಗಿಂತ ಆ ಮಾತಿಗೇ ಬೆಲೆ ಬಂತು. ಕೈಯಲ್ಲಿ ಹೊಲಿಗೆ ಇದೆ ಎಂದ ಮಾತ್ರಕ್ಕೆ ಹೆಂಡತಿಯ ಹಕ್ಕು ಹೋಗುವುದಿಲ್ಲ. ಗಂಡನ ನಿಜವಾದ ಸಂಪಾದನೆ, ಆ ಮನೆಯಲ್ಲಿ ತಾಯಿ ಮಗಳು ಬಾಳಿದ ರೀತಿ, ಮಗುವಿನ ಓದು ಎಲ್ಲವನ್ನೂ ನೋಡಬೇಕು ಎಂದರು ನ್ಯಾಯಾಧೀಶರು. ತಿಂಗಳು ತಿಂಗಳು ಇಬ್ಬರಿಗೂ ಕೊಡಬೇಕೆಂದು ಆದೇಶವಾಯಿತು. ಮಗಳ ಶಾಲೆ ಉಳಿಯಿತು. ನನಗೆ ಖುಷಿಯಾಯಿತು, ಮುಚ್ಚಿಡುವುದೇನು.

ಹೊರಗೆ ಮೆಟ್ಟಿಲ ಹತ್ತಿರ ಅವನು ಅಡ್ಡ ನಿಂತ. ಸಿಟ್ಟು ಜೀವನಾಂಶದ ಮೇಲಲ್ಲ.

"ನನ್ ಮಾಲಲ್ಲಿ ಒಂದೂ ಕೌಟು ಇರ್ಲಿಲ್ಲ. ನಿಂಗ್ ಗೊತ್ತಿತ್ತು ಕಣೇ."

ಪ್ರತಿ ವರ್ಷ ಆ ರಾಶಿಯ ಮುಂದೆ ಕೂತು, ಒಂದೊಂದನ್ನೇ ಮೂಸಿ, ಕೆಟ್ಟದ್ದನ್ನು ಬೇರೆ ಮಾಡಿ ಚೀಲ ತುಂಬಿಸಿದವಳು ನಾನು.

"ಗೊತ್ತಿತ್ತು ಕಣ್ರೀ," ಅಂದೆ. "ಆರಿಸ್ತಿದ್ದೋಳು ನಾನಲ್ವಾ? ಈ ವರ್ಷ ನೀವೇ ಮೂಸಿ ನೋಡ್ಕಳಿ."