ಸೋಮವಾರವೂ ‘ಹೂಂ’ ಎಂದ ವೆಬ್‌ಪುಟ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್. ಕಾಸಾರಶಿರಸಿ ಹತ್ತಿರ ದೇವಣಿ ತಳಿಯ ಹೋರಿ ಸಾಕಿರುವ ಗುರಬಸಪ್ಪ ಕಾಕಾ.

‘ತಮ್ಮಾ, ನಿನ್ನ ಕಂಪ್ಯೂಟರ್ ಇವತ್ತ ಬಾ ಅಂದದಂತ. ಗುಂಜೋಟಿಯಿಂದ ಒಬ್ಬಾಕಿ ಟೆಂಪೊದಾಗ ಆಕಳ ಹೇರ್ಕೊಂಡು ಬಂದಾಳ. ನೀನೇ ಬಂದು ಉತ್ತರ ಕೊಡು.’

ಉಮರ್ಗಾದಿಂದ ಬೈಕ್ ಹತ್ತಿದೆ. ತಪ್ಪು ಯಾರದೆಂದು ಅರ್ಧ ದಾರಿಯಲ್ಲೇ ಗೊತ್ತಾಯಿತು.

ಹಿನ್ನೆಲೆ ಇಷ್ಟು. ಆಕಳು ಗಬ್ಬ ಕಟ್ಟಿಸಲು ಕಾಕಾನ ಹೋರಿಗೆ ಸುತ್ತಲೂ ಬೇಡಿಕೆ. ಒಂದು ದಿನ ಬಾಗಿಲಿಗೆ ಮೂರು ಟೆಂಪೊ ಒಟ್ಟಿಗೇ ಬಂದು ಜಗಳವಾಯಿತು. ‘ಯಾರು ಯಾವತ್ತ ಬರಬೇಕು ಅಂತ ಫೋನಿನಾಗೇ ತಿಳಿಯೋಹಂಗ ಏನಾರ ಮಾಡು’ ಎಂದರು. ನಾನು ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಪುಟ ಕಟ್ಟಿಕೊಡುವ ಒಂದು ಪುಟ್ಟ ವೆಬ್ ಫ್ರೇಮ್‌ವರ್ಕ್ ಕಲಿಯಲು ಕುಳಿತೆ. (ಐವತ್ತು ದಾಟಿದ ಮೇಲೆ ಇದೆಲ್ಲ ಬೇಕಿತ್ತೇ ಎಂದು ಮನೆಯಾಕೆ ಕೇಳಿದಳು. ಪ್ರಶ್ನೆ ದಾಖಲಾಗಿದೆ.)

ಶುರುಮಾಡುವುದು ಸುಲಭ. ಒಂದು ಕಮಾಂಡ್‌ಗೆ ಇನ್‌ಸ್ಟಾಲ್. ಇಂಥ ವಿಳಾಸಕ್ಕೆ ಬಂದವರಿಗೆ ಇಂಥ ಉತ್ತರ ಕೊಡು ಎಂದು ನಾಲ್ಕು ಸಾಲು. ಬ್ರೌಸರ್‌ನಲ್ಲಿ ‘ನಮಸ್ಕಾರ’ ಮೂಡಿತು. ದೊಡ್ಡ ಫ್ರೇಮ್‌ವರ್ಕ್‌ಗಳು ಸಂಸಾರ ಸಮೇತ ಬರುತ್ತವೆ. ಇದು ಬರಿಗೈಯಲ್ಲಿ ಬರುತ್ತದೆ. ನೀವು ಬರೆದದ್ದು ಇರುತ್ತದೆ, ಬರೆಯದ್ದು ಇರುವುದಿಲ್ಲ.

ವಾರದಲ್ಲಿ ಪುಟ ಸಿದ್ಧ. ಹೆಸರು, ಊರು, ತಾರೀಖು ತುಂಬಿ ಒತ್ತಿದರೆ, ಆ ದಿನ ಖಾಲಿಯಿದ್ದಲ್ಲಿ ‘ಹೂಂ, ಬನ್ನಿ’. ಹೆಸರು ಬಿಟ್ಟರೆ? ಒಂದೇ ದಿನಕ್ಕೆ ಇಬ್ಬರು ಒತ್ತಿದರೆ? ಎಲ್ಲ ನೋಡಿದ್ದೆ. ವರ್ಷಗಟ್ಟಲೆ ಸುದ್ದಿಮನೆಯಲ್ಲಿ ಪ್ರೂಫ್ ತಿದ್ದಿದ ಕಣ್ಣಿಗೆ ತಪ್ಪು ತಪ್ಪಿಸಿಕೊಂಡೀತೇ?

ಸೋಮವಾರ ತಪ್ಪಿಸಿಕೊಂಡಿತ್ತು.

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗವಿಲ್ಲ. ಕಾಕಾನ ಮನೆಯಲ್ಲಿ ಆ ದಿನ ಹೋರಿಯನ್ನು ಆಕಳಿಗೂ ಬಿಡುವುದಿಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರಾದರೂ ಹೇಳುತ್ತಾರೆಯೇ?

ಕಾಕಾನ ಅಂಗಳದಲ್ಲಿ ಆಕಳು ಒಂದೇ ಸಮನೆ ಕೂಗುತ್ತಿತ್ತು. ಪಕ್ಕದಲ್ಲಿ ಅದರ ಒಡತಿ ಕಾಶೀಬಾಯಿ, ಬೀರಪ್ಪನ ಒಕ್ಕಲಿನವರು, ಕುರಿ ಸಾಕುವ ಮನೆತನ.

‘ಸೋಮವಾರ ಅಂತ ನಮಗೂ ತಿಳೀತದ ರೀ ಸಾಹೇಬ್ರ. ಕಂಪ್ಯೂಟರ್ ಹೂಂ ಅಂತು. ಮಾಲಕರಿಗೆ ಕೇಳೇ ಹೇಳಿರಬೇಕು ಅಂದ್ಕೊಂಡೆ. ಎರಡು ಸಲ ಡಾಕ್ಟರ್ ಬೀಜದ ಸೂಜಿ ಹಾಕಿದ್ರೂ ಗಬ್ಬ ನಿಂತಿಲ್ಲ. ಈ ಸಲ ನಿಲ್ಲಲಿಲ್ಲಂದ್ರ ಬಾಜಾರಕ್ಕ ಹೊಡದು ಮಾರ್ತೀನಿ ಅಂದಾರ ನಮ್ಮ ಮನಿಯವ್ರು. ನಿನ್ನಿ ಸಂಜಿಂದ ಬೆದಿಗೆ ಬಂದು ಕೂಗಾಕತ್ಯದ. ನಾಳಿತನಕ ಇರ್ತದೇನು?’

‘ಒಂದು ಸಲ ಬಿಟ್ಟರೆ?’ ಎಂದು ಕಾಕಾನನ್ನು ಕೇಳಿದೆ.

‘ಅಪ್ಪನ ಕಾಲದಿಂದ ಬಿಟ್ಟಿಲ್ಲ.’

‘ಇದನ್ನ ನನಗೆ ಮೊದಲೇ ಹೇಳಬೇಕಿತ್ತಲ್ಲ ಕಾಕಾ?’

‘ಸೂರ್ಯ ಮೂಡಣದಾಗ ಹುಟ್ತಾನ ಅಂತ ಹೇಳಿದ್ನೇನು? ಅದು ಹೆಂಗ ಗೊತ್ತಾತು ನಿನಗ?’

ಕಾಕಾನ ಹೆಂಡತಿ ಕಾಕೂ ಕಾಶೀಬಾಯಿಗೆ ರೊಟ್ಟಿ ಕೊಟ್ಟು, ‘ಇಲ್ಲೇ ಇರವ್ವಾ, ಮಂಗಳವಾರ ಹೊತ್ತು ಮೂಡಿದ ಕೂಡ್ಲೆ ಬಿಡಸ್ತೀನಿ’ ಎಂದರು.

ನಾನು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ‘ಈ ದಿನ ಸೋಮವಾರವೇ?’ ಎಂದು ಕೇಳಲು ರೂಬಿಯಲ್ಲಿ ಸಿದ್ಧ ಪದವೇ ಇದೆ. ನಾನು ಕೇಳಿರಲಿಲ್ಲ, ಅಷ್ಟೇ. ಒಂದು ಸಾಲು ಸೇರಿಸಿದೆ. ಎರಡು ನಿಮಿಷದ ಕೆಲಸ. ಆಕಳು ಕೂಗುತ್ತಲೇ ಇತ್ತು.

ಮಂಗಳವಾರ ಹೊತ್ತು ಮೂಡುವಾಗ ಅದರ ಕೂಗು ಸಣ್ಣಗಾಗಿತ್ತು. ಹೋರಿ ಬಿಟ್ಟರು. ‘ತಡಾ ಆಗ್ಯದ. ನಿಂತ್ರ ನಿಂತೀತು’ ಎಂದರು ಕಾಕಾ.

ಇಂದಿಗೆ ಹದಿನೆಂಟು ದಿನ. ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಬೆದೆಗೆ ಬಂದು ಮತ್ತೆ ಕೂಗಿದರೆ ಗಬ್ಬ ನಿಂತಿಲ್ಲವೆಂದೇ ಅರ್ಥ. ಕಾಶೀಬಾಯಿ ದಿನಾ ಮುಂಜಾನೆ ಕೊಟ್ಟಿಗೆಯ ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಾರಂತೆ. ಆಕೆಯ ಗಂಡನೂ ನಿಲ್ಲುತ್ತಾನಂತೆ.

ಪುಟವನ್ನು ಒಂದು ಸಾಲಿನಲ್ಲಿ ತಿದ್ದಿದೆ. ಕಳೆದುಹೋದ ಆ ಸೋಮವಾರವನ್ನು ಎಷ್ಟು ಸಾಲು ಬರೆದು ಹಿಂದಕ್ಕೆ ತರಲಿ?